ತೊಮೊಯೆ ನಾಗೆ: ಎದುರಾಳಿಗಿಂತ ಮೊದಲು ನೀವು ಎಲ್ಲಿ ಬೀಳುತ್ತೀರಿ?

ಪ್ರಶ್ನೆ: ನನಗೆ 39 ವರ್ಷ, ತೂಕ 66 ಕೆ.ಜಿ. ಬ್ರೆಜಿಲಿಯನ್ ಜಿಯು-ಜಿಟ್ಸುವಿನಲ್ಲಿ ಬ್ಲೂ ಬೆಲ್ಟ್. ಎದುರಾಳಿಯ ಎರಡೂ ಕಾಲು ಹಿಡಿದು ಬೀಳಿಸುವ ಡಬಲ್ ಲೆಗ್‌ಗೆ ನುಗ್ಗಿದರೆ ಮೊಣಕಾಲು ನೋಯುತ್ತದೆ. ಹಾಗಾಗಿ ಎರಡು ತಿಂಗಳಿಂದ ತೊಮೊಯೆ ನಾಗೆ (ತಾನು ಬೆನ್ನ ಮೇಲೆ ಬೀಳುತ್ತಾ, ಹೊಟ್ಟೆಗೆ ಪಾದ ಇಟ್ಟು ಎದುರಾಳಿಯನ್ನು ತಲೆಯ ಮೇಲಿಂದ ಎಸೆಯುವ ಜೂಡೋ ಪಟ್ಟು) ಅಭ್ಯಾಸ ಮಾಡುತ್ತಿದ್ದೇನೆ. ಡ್ರಿಲ್‌ನಲ್ಲಿ ಚೆನ್ನಾಗಿಯೇ ಆಗುತ್ತದೆ. ಸ್ಪಾರಿಂಗ್‌ನಲ್ಲಿ ಮಾತ್ರ ನಾನು ಬೆನ್ನ ಮೇಲೆ ಬಿದ್ದಿರುತ್ತೇನೆ, ಎದುರಾಳಿ ನಿಂತಲ್ಲೇ ನಿಂತಿರುತ್ತಾನೆ. ನನ್ನ ಕಾಲನ್ನು ಪಕ್ಕಕ್ಕೆ ಸರಿಸಿ ಗಾರ್ಡ್ (ಕೆಳಗಿರುವವನು ಕಾಲುಗಳಿಂದ ಎದುರಾಳಿಯನ್ನು ತಡೆಯುವ ನಿಲುವು) ದಾಟಿಬಿಡುತ್ತಾನೆ. ಹೋದ ವಾರ ಎಸೆತ ಅರ್ಧಕ್ಕೇ ನಿಂತು, ಜೊತೆಗಾರ ಕೈ ಊರಿ ಬಿದ್ದು ಭುಜ ನೋಯಿಸಿಕೊಂಡ. ಕಾಲಿನಲ್ಲಿ ಶಕ್ತಿ ಸಾಲದು ಎಂದು ಒಬ್ಬರು ಹೇಳುತ್ತಾರೆ. ಇಂಥ ಪಟ್ಟು ಜೂಡೋಗೆ ಸರಿ, ಜಿಯು-ಜಿಟ್ಸುವಿನಲ್ಲಿ ತಾನಾಗಿ ಕೆಳಗೆ ಹೋಗುವುದು ಮೂರ್ಖತನ ಎಂದು ಇನ್ನೊಬ್ಬರು. ಎದುರಾಳಿಯನ್ನು ಹಿಂದಕ್ಕೆ ಬೀಳಿಸುವ ತಾನಿ ಒತೊಶಿ ಇದಕ್ಕಿಂತ ಸುಲಭ, ಅದನ್ನೇ ಕಲಿ ಎನ್ನುವವರೂ ಇದ್ದಾರೆ. ಮುಂದುವರಿಸಲೋ, ಬಿಡಲೋ?

ಉತ್ತರ: ಬಿಡಬೇಕಾಗಿಲ್ಲ. ಆದರೆ ಈಗ ಮಾಡುತ್ತಿರುವ ರೀತಿಯಲ್ಲಿ ಸ್ಪಾರಿಂಗ್‌ನಲ್ಲಿ ಮುಂದುವರಿಸುವುದೂ ಬೇಡ. ನೀವು ಎರಡು ತೊಂದರೆ ಬರೆದಿದ್ದೀರಿ: ಎದುರಾಳಿ ಹಾರುವುದಿಲ್ಲ, ಹಾರಿದಾಗ ಜೊತೆಗಾರನಿಗೆ ಪೆಟ್ಟಾಯಿತು. ಎರಡಕ್ಕೂ ಬಹುತೇಕ ಕಾರಣ ಒಂದೇ. ನೀವು ಎದುರಾಳಿಯಿಂದ ದೂರದಲ್ಲಿ ಬೀಳುತ್ತಿದ್ದೀರಿ.

ತೊಮೊಯೆ ನಾಗೆಯಲ್ಲಿ ನಿಮ್ಮ ಸೊಂಟವೇ ಸನ್ನೆಯ ಆನಿಕೆ. ಅದು ಎದುರಾಳಿಯ ಭಾರದ ಕೆಳಗಿದ್ದರೆ ಆತ ನಿಮ್ಮ ಮೇಲಿಂದ ಉರುಳಿ ಹೋಗುತ್ತಾನೆ. ಒಂದಡಿ ಹಿಂದೆ ಬಿದ್ದಿರೋ, ನಿಮ್ಮ ಕಾಲು ಆತನನ್ನು ಎತ್ತುವುದಿಲ್ಲ, ದೂರ ತಳ್ಳುತ್ತದೆ. ಅದೇ ಹೊತ್ತಿಗೆ ಕೈಗಳು ಕೆಳಕ್ಕೆ ಎಳೆಯುತ್ತಿರುತ್ತವೆ. ಆತ ಗಟ್ಟಿಯಾಗಿ ನಿಂತಿದ್ದರೆ ಏನೂ ಆಗುವುದಿಲ್ಲ, ನೀವು ಬೆನ್ನ ಮೇಲೆ ಬಿದ್ದಿರುತ್ತೀರಿ. ಗಟ್ಟಿಯಾಗಿ ನಿಂತಿಲ್ಲದಿದ್ದರೆ ಮೇಲಿಂದ ಉರುಳುವ ಬದಲು ಮುಖ ಮುಂದಾಗಿ ಮ್ಯಾಟ್‌ಗೆ ಬರುತ್ತಾನೆ, ಮುಖ ಉಳಿಸಿಕೊಳ್ಳಲು ಕೈ ಊರುತ್ತಾನೆ. ನಿಮ್ಮ ಜೊತೆಗಾರನಿಗೆ ಆಗಿರುವುದು ಇದೇ ಇರಬೇಕು. ಚಾಚಿದ ಕೈ ಮೇಲೆ ಇಡೀ ಮೈಭಾರ ಬಿದ್ದರೆ ಮಣಿಕಟ್ಟು, ಮೊಣಕೈ, ಕೊರಳೆಲುಬು, ಭುಜದ ತುದಿಯ ಕೀಲು ಇವುಗಳಲ್ಲಿ ಯಾವುದು ಬೇಕಾದರೂ ಹೋಗಬಹುದು.

ಕಾಲಿನ ಶಕ್ತಿಯ ಮಾತನ್ನು ಮೊದಲು ಪಕ್ಕಕ್ಕಿಡಿ. 66 ಕೆ.ಜಿ. ಮನುಷ್ಯ ಮಲಗಿಕೊಂಡು ಎರಡು ಅಂಗಾಲುಗಳ ಮೇಲೆ ತನ್ನಷ್ಟೇ ತೂಕದವನನ್ನು ಮೊಣಕಾಲು ಮಡಿಸಿ ಎತ್ತಿ ಇಳಿಸಬಲ್ಲ; ಭಾರ ಸರಿಯಾಗಿ ಕೂತರೆ ಒಂದೇ ಕಾಲಿನಲ್ಲೂ ಆಗುತ್ತದೆ. ನೀವು ಜಿಮ್‌ಗೆ ಹೋಗಿ ತೊಡೆ ಬಲಪಡಿಸಿಕೊಂಡರೆ ಒಳ್ಳೆಯದೇ, ಆದರೆ ದೂರದಲ್ಲಿ ಬೀಳುವವರೆಗೆ ಆ ಬಲವೆಲ್ಲ ಎದುರಾಳಿಯನ್ನು ಇನ್ನಷ್ಟು ದೂರ ತಳ್ಳಲು ಖರ್ಚಾಗುತ್ತದೆ.

ತಾನಾಗಿ ಕೆಳಗೆ ಹೋಗುವುದು ಮೂರ್ಖತನ ಎಂಬ ಮಾತಿನಲ್ಲಿ ಅರ್ಧ ಸತ್ಯವಿದೆ. ಆದರೆ ಆ ಅರ್ಧ ಜಿಯು-ಜಿಟ್ಸುವಿಗಿಂತ ಬೇರೆ ಕುಸ್ತಿಗಳಿಗೆ ಹೆಚ್ಚು ಹೊಂದುತ್ತದೆ. ಬೆನ್ನು ನೆಲಕ್ಕೆ ತಾಗಿದರೆ ಸೋಲು ಎನ್ನುವ ಆಟದಲ್ಲಿ ಇಂಥ ಪಟ್ಟು ದೊಡ್ಡ ಜೂಜು. ಜಿಯು-ಜಿಟ್ಸುವಿನಲ್ಲಿ ಬೆನ್ನ ಮೇಲೆ ಮಲಗಿ ಆಡುವುದೇ ಒಂದು ಕಲೆ. ಐಬಿಜೆಜೆಎಫ್ (ಅಂತರರಾಷ್ಟ್ರೀಯ ಬ್ರೆಜಿಲಿಯನ್ ಜಿಯು-ಜಿಟ್ಸು ಒಕ್ಕೂಟ) ನಿಯಮದಲ್ಲಿ ನಿಮ್ಮ ಎಸೆತ ವಿಫಲವಾಗಿ ನೀವು ಗಾರ್ಡ್‌ನಲ್ಲಿ ಬಿದ್ದರೆ, ಎದುರಾಳಿ ನಿಮ್ಮನ್ನು ಬೀಳಿಸಲು (ಟೇಕ್‌ಡೌನ್) ಏನೂ ಮಾಡಿರದಿದ್ದರೆ, ಅಷ್ಟಕ್ಕೇ ಆತನಿಗೆ ಅಂಕ ಸಿಗುವುದಿಲ್ಲ. ಗಾರ್ಡ್ ಎಳೆದ ಹಾಗಾಯಿತು (ತಾನೇ ಕೆಳಗೆ ಕುಳಿತು ಗಾರ್ಡ್‌ಗೆ ಹೋದ ಹಾಗೆ), ಅಷ್ಟೆ. ಗಾರ್ಡ್ ದಾಟಿದರೆ 3 ಅಂಕ ಹೋಗುತ್ತದೆ, ನಿಮಗೆ ಆಗುತ್ತಿರುವ ನಷ್ಟ ಅದು. ಎಸೆತ ಫಲಿಸಿ ನೀವು ಮೇಲೆ ಬಂದು 3 ಸೆಕೆಂಡ್ ಹಿಡಿದಿಟ್ಟರೆ 2 ಅಂಕ. ಉರುಳಿ ನೇರ ಮೌಂಟ್‌ಗೇ (ಮಲಗಿದವನ ಮೇಲೆ ಸವಾರನಂತೆ ಕೂರುವ ನಿಲುವು) ಬಂದು ನಿಲ್ಲಿಸಿದರೆ ಅದರ ಮೇಲೆ ಇನ್ನೂ 4. ಆತನನ್ನು ಹಾರಿಸಿ ನೀವು ಮಲಗಿಯೇ ಉಳಿದರೆ, ಎಸೆತ ಎಷ್ಟೇ ಚೆಂದವಿದ್ದರೂ ಆತ ತಿರುಗಿ ನಿಮ್ಮ ಮೇಲೆ ಬರುತ್ತಾನೆ. ಜೂಡೋದಿಂದ ಬಂದವರು ಇಲ್ಲಿ ಎಡವುವುದು ಇದೇ ಜಾಗದಲ್ಲಿ: ಎಸೆದರೆ ಮುಗಿಯಿತು ಎನ್ನುವ ಅಭ್ಯಾಸ.

ಎಡಿಸಿಸಿ (ಜಿಯು-ಜಿಟ್ಸು ಅಂಗಿಯಿಲ್ಲದೆ ಆಡುವ ಸ್ಪರ್ಧೆ) ಮಾದರಿಯ ಪಂದ್ಯಗಳ ಲೆಕ್ಕ ಬೇರೆ. ಅಲ್ಲಿ ಅಂಕ ಎಣಿಸುವ ಹಂತದಲ್ಲಿ ತಾನಾಗಿ ಗಾರ್ಡ್ ಎಳೆದವರಿಗೆ ಒಂದು ಅಂಕ ಕಳೆಯುತ್ತಾರೆ. ಅರೆಬರೆ ಪ್ರಯತ್ನ ಗಾರ್ಡ್ ಎಳೆದಂತೆ ಕಂಡರೆ ದಂಡ ಬೀಳುವ ಅಪಾಯವಿದೆ, ಆ ಹೊತ್ತಿಗೆ ಈ ಪಟ್ಟನ್ನು ಇಟ್ಟುಕೊಳ್ಳಬೇಡಿ.

ಈಗ ದೂರದ ವಿಷಯ. ಬಲಗೈಯವರ ಲೆಕ್ಕದಲ್ಲಿ ಹೇಳುತ್ತೇನೆ. ಎಡಗೈ ಎದುರಾಳಿಯ ಬಲತೋಳನ್ನು ಮೊಣಕೈ ಹತ್ತಿರ ಹಿಡಿದಿರಲಿ, ಬಲಗೈ ಕೊರಳಪಟ್ಟಿಯನ್ನು ಕೊರಳೆಲುಬಿನ ಮಟ್ಟದಲ್ಲಿ. ಮೊದಲು ನೀವೇ ಆತನನ್ನು ತಳ್ಳಿ. ಆತ ಎದುರು ತಳ್ಳುತ್ತಾನೆ ಅಥವಾ ಒಂದು ಹೆಜ್ಜೆ ಮುಂದಿಡುತ್ತಾನೆ. ಆ ಗಳಿಗೆ ನಿಮ್ಮದು. ಎಡಗಾಲನ್ನು ಆತನ ಎರಡು ಪಾದಗಳ ನಡುವೆ ಆಳವಾಗಿ ಇಡಿ. ನಿಮ್ಮ ಹಿಮ್ಮಡಿ ಆತನ ಹಿಮ್ಮಡಿಗಳ ಗೆರೆಯ ಹತ್ತಿರಕ್ಕೆ ಹೋಗಬೇಕು, ಬೆರಳುಗಳ ಗೆರೆಯಲ್ಲಿ ನಿಂತರೆ ಸಾಲದು. ಬಲಮೊಣಕಾಲನ್ನು ಎದೆಯ ಹತ್ತಿರ ಮಡಿಸಿಕೊಂಡು ಪಾದದ ಮುಂಭಾಗವನ್ನು ಬೆಲ್ಟ್ ಗಂಟಿನ ತುಸು ಕೆಳಗೆ ಇಡಿ. ಒದೆಯುವುದಲ್ಲ, ಇಡುವುದು. ಇನ್ನು ಕುಳಿತುಕೊಳ್ಳಿ, ನಿಮ್ಮದೇ ಎಡ ಹಿಮ್ಮಡಿಯ ಪಕ್ಕಕ್ಕೆ. ಹಿಂದಕ್ಕೆ ಮಲಗುವ ಆತುರ ಬೇಡ. ಕೆಳಕ್ಕೆ ಕುಸಿದ ಮೇಲೆ ಬೆನ್ನು ತಾನಾಗಿ ಉರುಳುತ್ತದೆ, ಗದ್ದ ಎದೆಗೆ ಒತ್ತಿರಲಿ.

ಕೈಗಳು ಎಳೆಯುವ ದಿಕ್ಕು ನಿಮ್ಮ ಎದೆಯ ಕಡೆಗಲ್ಲ, ನಿಮ್ಮ ಹಣೆಯ ಮೇಲಿಂದ ಆಚೆಗೆ. ಎದೆಗೆ ಎಳೆದುಕೊಂಡರೆ ಆತ ನಿಮ್ಮ ಪಕ್ಕೆಲುಬಿನ ಮೇಲೆಯೇ ಬೀಳುತ್ತಾನೆ. ಆತನ ಹೊಟ್ಟೆಯ ಭಾರ ನಿಮ್ಮ ಅಂಗಾಲಿಗೆ ಪೂರ್ತಿ ಕೂತ ಮೇಲೆಯೇ ಮೊಣಕಾಲು ನೀಳಮಾಡಿ. ಸ್ಪಾರಿಂಗ್‌ನಲ್ಲಿ ಬಹುತೇಕರು ಪಾದ ತಾಗಿದ ಕೂಡಲೇ ಕಾಲು ನೀಳಮಾಡಿಬಿಡುತ್ತಾರೆ. ಡ್ರಿಲ್‌ನಲ್ಲಿ ಅದು ತಪ್ಪು ಎಂದು ಗೊತ್ತಾಗುವುದಿಲ್ಲ, ಯಾಕೆಂದರೆ ಜೊತೆಗಾರ ತಾನೇ ಮುಂದೆ ವಾಲಿ ಸಹಕರಿಸುತ್ತಿರುತ್ತಾನೆ. ನಿಮ್ಮ ಡ್ರಿಲ್ ಚೆನ್ನಾಗಿಯೂ ಸ್ಪಾರಿಂಗ್ ಕೆಟ್ಟದಾಗಿಯೂ ಇರುವುದಕ್ಕೆ ಇದಕ್ಕಿಂತ ಬೇರೆ ವಿವರಣೆ ಬೇಕಾಗಿಲ್ಲ.

ಪಾದ ಎಲ್ಲಿದೆ ಎಂಬುದನ್ನೂ ನೋಡಿಕೊಳ್ಳಿ. ಎದೆಯ ಕಡೆಗೆ ಏರಿದರೆ ಆತ ಹಿಂದೆ ವಾಲಿ ತಪ್ಪಿಸಿಕೊಳ್ಳುತ್ತಾನೆ. ತೊಡೆಗೆ ಇಳಿದರೆ ಜಾರುತ್ತದೆ, ಜಾರುವ ದಾರಿಯಲ್ಲಿ ತಾಗಬಾರದ ಕಡೆ ತಾಗುತ್ತದೆ. ಸೊಂಟದ ಮೂಳೆಯ ಹೊರಬದಿಗೆ ಹೋದರೆ ಆತ ಸ್ವಲ್ಪ ತಿರುಗಿದರೂ ಸಾಕು, ಕಾಲು ಪಕ್ಕಕ್ಕೆ ಸರಿದು ಗಾರ್ಡ್ ತೆರೆದುಹೋಗುತ್ತದೆ; ನೀವು ಬರೆದಿರುವುದು ಇದೇ ಇರಬಹುದು.

ಪರೀಕ್ಷೆ ಸುಲಭ. ಒಳನುಗ್ಗಿ ಕುಳಿತು, ಎಸೆಯದೆ ಅಲ್ಲೇ ನಿಲ್ಲಿಸಿ. ನಿಮ್ಮ ಪೃಷ್ಠ ಆತನ ಎರಡು ಪಾದಗಳ ನಡುವೆ ಇದೆಯೇ? ತಲೆ ಎತ್ತಿ ನೋಡಿದರೆ ಆತನ ಎದೆ ನಿಮ್ಮ ಮುಖದ ಮೇಲೆ ಬಂದಿದೆಯೇ? ಆತನ ಬೆಲ್ಟ್ ನಿಮ್ಮ ಪಾದದ ಆಚೆ ದೂರದಲ್ಲಿ ಕಾಣುತ್ತಿದ್ದರೆ ಎದ್ದು ಮತ್ತೆ ಶುರುಮಾಡಿ. ಈ ನಿಲ್ಲಿಸಿ ನೋಡುವ ಅಭ್ಯಾಸವನ್ನು ಪ್ರತಿ ಕ್ಲಾಸ್‌ನಲ್ಲಿ ಹತ್ತು ಸಲ ಮಾಡಿದರೂ ಜೊತೆಗಾರನಿಗೆ ಒಂದೂ ಬೀಳುವಿಕೆ ಇರುವುದಿಲ್ಲ.

ಇಷ್ಟೆಲ್ಲ ಸರಿಪಡಿಸಿದರೂ ಒಂದು ತೊಡಕು ಉಳಿಯುತ್ತದೆ. ಜಿಯು-ಜಿಟ್ಸು ಆಡುವವರು ಜೂಡೋ ಆಟಗಾರರಷ್ಟು ನೆಟ್ಟಗೆ ನಿಲ್ಲುವುದಿಲ್ಲ. ಕಾಲಿಗೆ ಬರುವ ದಾಳಿಯ ಭಯಕ್ಕೆ ಸೊಂಟ ಹಿಂದಿಟ್ಟು, ತಲೆ ಮುಂದಿಟ್ಟು ಬಾಗಿರುತ್ತಾರೆ. ಆ ನಿಲುವಿನಲ್ಲಿ ಹೊಟ್ಟೆಗೆ ಪಾದ ಮುಟ್ಟಿಸುವುದೇ ಕಷ್ಟ. ದೇಹವನ್ನು ಆತನಿಗೆ ಅಡ್ಡವಾಗಿ ತಿರುಗಿಸಿಕೊಂಡು ಪಕ್ಕದಿಂದ ಒಳಹೋಗುವ ಯೋಕೊ ತೊಮೊಯೆ ಇದಕ್ಕೆ ಒಂದು ಉತ್ತರ. ಜೂಡೋದಲ್ಲಿ ಇಂದು ಅದೇ ಹೆಚ್ಚು ಕಾಣುತ್ತದೆ. ನಿಮಗೆ ಮಾತ್ರ ನಾನು ಮೊದಲು ಸುಮಿ ಗಾಯೆಶಿಯನ್ನು ಹೇಳುತ್ತೇನೆ. ಬಾಗಿ ನಿಲ್ಲುವ ಎದುರಾಳಿಗೆ ಹೇಳಿಮಾಡಿಸಿದ ಪಟ್ಟು ಅದು. ಬಟರ್‌ಫ್ಲೈ ಗಾರ್ಡ್‌ನ (ಕುಳಿತು ಎರಡೂ ಪಾದಗಳನ್ನು ಎದುರಾಳಿಯ ತೊಡೆಗಳ ಒಳಗೆ ಕೊಕ್ಕೆ ಹಾಕುವ ನಿಲುವು) ಸ್ವೀಪ್, ಅಂದರೆ ಕೆಳಗಿನಿಂದ ಉರುಳಿಸಿ ಮೇಲೆ ಬರುವುದು, ಬರುವವರಿಗೆ ಅದು ಆಗಲೇ ಅರ್ಧ ಬರುತ್ತದೆ.

ಬಾಗಿದವನ ಎಡಭುಜದ ಮೇಲಿಂದ ನಿಮ್ಮ ಬಲಗೈ ಬೆನ್ನಿಗೆ ಹೋಗಿ ಗಿ (ಜಿಯು-ಜಿಟ್ಸು ಅಂಗಿ) ಅಥವಾ ಬೆಲ್ಟ್ ಹಿಡಿಯಲಿ. ಗಿ ಇಲ್ಲದಿದ್ದರೆ ಆತನ ಎಡಕಂಕುಳ ಕೆಳಗಿಂದ ಅಂಡರ್‌ಹುಕ್. ಎಡಗೈ ಆತನ ಬಲತೋಳನ್ನು ಹಿಡಿದು ಆತನ ಹೊಟ್ಟೆಯ ಕಡೆಗೆ ಒತ್ತಿಡಲಿ. ಎದೆಗೆ ಎದೆ ಅಂಟಿಸಿಕೊಂಡು ಆತನ ಕಾಲುಗಳ ನಡುವೆ ಕುಳಿತು, ಬಲಪಾದದ ಮೇಲ್ಭಾಗವನ್ನು ಆತನ ಎಡತೊಡೆಯ ಒಳಭಾಗಕ್ಕೆ ಕೊಕ್ಕೆ ಹಾಕಿ. ಈಗ ನೇರ ಹಿಂದಕ್ಕಲ್ಲ, ಓರೆಯಾಗಿ ನಿಮ್ಮ ಎಡಭುಜದ ಕಡೆಗೆ ಉರುಳಿ, ಕೊಕ್ಕೆಯಿಂದ ಎಡತೊಡೆಯನ್ನು ಎತ್ತಿ. ಆತನ ಬಲಗೈ ನಿಮ್ಮ ಹಿಡಿತದಲ್ಲಿ ಮಡಿಸಿರುವುದರಿಂದ ಊರಲು ಆಗುವುದಿಲ್ಲ, ಬಲಭುಜದ ಮೇಲಿಂದ ಉರುಳುತ್ತಾನೆ. ಹಿಡಿತ ಬಿಡದೆ ಇದ್ದರೆ ಆತನ ವೇಗವೇ ನಿಮ್ಮನ್ನೂ ಮೇಲಕ್ಕೆ ಎಳೆದುಕೊಂಡು ಮೌಂಟ್‌ಗೆ ಕೂರಿಸುತ್ತದೆ. ಉರುಳುವುದು ಭುಜದ ಮೇಲೆ. ನೆತ್ತಿ ಮತ್ತು ಕತ್ತಿನ ಮೇಲೆ ಎಂದೂ ಅಲ್ಲ.

ಇದು ವಿಫಲವಾದರೂ ನೀವು ಬೀಳುವುದು ಬಟರ್‌ಫ್ಲೈ ಅಥವಾ ಹಾಫ್ ಗಾರ್ಡ್‌ಗೆ (ಎದುರಾಳಿಯ ಒಂದು ಕಾಲನ್ನು ಮಾತ್ರ ನಿಮ್ಮ ಕಾಲುಗಳಲ್ಲಿ ಸಿಕ್ಕಿಸಿಡುವ ನಿಲುವು), ಅದೂ ಮೈಗೆ ಮೈ ಅಂಟಿ, ಒಂದು ತೋಳು ಹಿಡಿದುಕೊಂಡು. ತೊಮೊಯೆ ನಾಗೆ ವಿಫಲವಾದಾಗ ಸಿಗುವ ಜಾಗಕ್ಕಿಂತ ಇದು ಬಹಳ ಗಟ್ಟಿ. ಒಂದು ಎಚ್ಚರಿಕೆ: ಕತ್ತು ಅಮುಕುವ ಗಿಲೊಟಿನ್ ಹಿಡಿತದಲ್ಲಿ ತಲೆ ಸಿಕ್ಕಿಸಿಕೊಂಡೇ ಸುಮಿ ಗಾಯೆಶಿ ಹಾಕುವವರಿದ್ದಾರೆ. ಅಭ್ಯಾಸದಲ್ಲಿ ಹಾಗೆ ಮಾಡಬೇಡಿ. ತಲೆ ಬಿಡಿಸಿಕೊಳ್ಳಲಾಗದವನ ಕತ್ತಿನ ಮೇಲೆ ಇಬ್ಬರ ಭಾರ ಬೀಳುತ್ತದೆ.

ತಾನಿ ಒತೊಶಿ ಸುಲಭ ಎಂದವರ ಮಾತು ನಿಜ, ಮಾಡುವವರಿಗೆ ಸುಲಭ. ಅಪಾಯ ಬೀಳುವವರ ಮೊಣಕಾಲಿಗೆ. ಹಿಂದಿನಿಂದ ಅಥವಾ ಪಕ್ಕದಿಂದ ಹೋಗಿ ಆತನ ಕಾಲುಗಳ ಹಿಂದೆ ನಿಮ್ಮ ಕಾಲು ಚಾಚಿ ಕುಳಿತುಕೊಳ್ಳುವ ಪಟ್ಟು ಅದು. ಸರಿಯಾಗಿ ಆದರೆ ನಿಮ್ಮ ಕಾಲು ಎರಡೂ ಹಿಮ್ಮಡಿಗಳ ಹಿಂದೆ ಇರುತ್ತದೆ, ಆತ ಹಿಂದಕ್ಕೆ ಕೂರುತ್ತಾನೆ. ಕಲಿಯುವವರು ಪೂರ್ತಿ ಹಿಂದೆ ಹೋಗದೆ ಪಕ್ಕದಲ್ಲೇ ಕುಸಿಯುತ್ತಾರೆ, ಮೈಭಾರ ಹತ್ತಿರದ ಮೊಣಕಾಲಿನ ಹೊರಬದಿಗೆ ಬೀಳುತ್ತದೆ. ಪಾದ ಮ್ಯಾಟ್‌ಗೆ ಕಚ್ಚಿಕೊಂಡಿದೆ, ಮೊಣಕಾಲು ಒಳಕ್ಕೆ ಬಗ್ಗುತ್ತಿದೆ: ಒಳಬದಿಯ ಲಿಗಮೆಂಟ್, ಅದರ ಜೊತೆ ಎಸಿಎಲ್ (ಮೊಣಕಾಲಿನೊಳಗಿನ ಮುಖ್ಯ ಲಿಗಮೆಂಟ್) ಹರಿಯುವುದು ಹೀಗೆಯೇ. ಇದನ್ನು ಜೂಡೋ ತಿಳಿದ ತರಬೇತುದಾರರು ಪಕ್ಕದಲ್ಲಿ ನಿಂತು ಕಲಿಸಿದರೆ ಮಾತ್ರ ಕಲಿಯಿರಿ, ಸ್ಪಾರಿಂಗ್‌ನಲ್ಲಿ ನೀವಾಗಿ ಪ್ರಯೋಗಿಸಬೇಡಿ. ಎದುರಾಳಿಯ ಕಾಲುಗಳಿಗೆ ಕತ್ತರಿ ಹಾಕಿ ಬೀಳಿಸುವ ಕಾನಿ ಬಸಾಮಿಯಂತೂ ಪ್ರಶ್ನೆಯೇ ಇಲ್ಲ. 1980ರ ಅಖಿಲ ಜಪಾನ್ ಚಾಂಪಿಯನ್‌ಶಿಪ್‌ನಲ್ಲಿ ಸುಮಿಯೊ ಎಂಡೊ ಹಾಕಿದ ಈ ಪಟ್ಟಿಗೆ ಯಾಸುಹಿರೊ ಯಮಾಶಿತಾ ಅವರಂಥ ದಿಗ್ಗಜರ ಕಾಲಿನ ಮೂಳೆಯೇ ಮುರಿಯಿತು. ಇಂದು ಜೂಡೋ ಸ್ಪರ್ಧೆಯಲ್ಲೂ ಐಬಿಜೆಜೆಎಫ್‌ನಲ್ಲೂ ಎಲ್ಲ ಬೆಲ್ಟ್‌ಗಳಿಗೂ ಅದು ನಿಷಿದ್ಧ.

ನಿಮ್ಮ ಮೊಣಕಾಲಿನ ಬಗ್ಗೆ ಒಂದೇ ಸಾಲು ಬರೆದಿದ್ದೀರಿ, ಆದರೆ ಆಯ್ಕೆ ನಿಂತಿರುವುದು ಅದರ ಮೇಲೆ. ಡಬಲ್ ಲೆಗ್‌ನಲ್ಲಿ ಮೊಣಕಾಲು ಮ್ಯಾಟ್‌ಗೆ ತಾಗಿದಾಗ ಮಾತ್ರ ನೋವಾದರೆ ತೊಮೊಯೆ ನಾಗೆ ನಿಮಗೆ ಹೊಂದುತ್ತದೆ. ಆಳವಾಗಿ ಮಡಿಸಿದಾಗ ನೋವಾದರೆ ಹೊಂದುವುದಿಲ್ಲ: ಒಂದೇ ಕಾಲಿನ ಮೇಲೆ ಪೂರ್ತಿ ಕುಕ್ಕರಿಸುವ ಪಟ್ಟು ಇದು, ಆ ಕಾಲಿನ ಮೊಣಕಾಲು ಕೊನೆಯವರೆಗೂ ಮಡಿಸುತ್ತದೆ. ಬಾತುಕೊಳ್ಳುವುದು, ಮಧ್ಯದಲ್ಲಿ ಸಿಕ್ಕಿಕೊಂಡಂತಾಗುವುದು, ನಡೆಯುವಾಗ ಕುಸಿದಂತಾಗುವುದು ಇದ್ದರೆ ಯಾವ ಎಸೆತಕ್ಕೂ ಮೊದಲು ಮೂಳೆ ವೈದ್ಯರನ್ನೋ ಕ್ರೀಡಾ ಫಿಸಿಯೋಥೆರಪಿಸ್ಟರನ್ನೋ ಕಾಣಿ. ಮಡಿಸಲು ತ್ರಾಸವಿರುವವರಿಗೆ ಸುಮಿ ಗಾಯೆಶಿ ಕೂಡ ನಿಂತು ಕಲಿಯುವುದಕ್ಕಿಂತ ಕುಳಿತ ಬಟರ್‌ಫ್ಲೈನಿಂದಲೇ ಶುರುಮಾಡುವುದು ಒಳ್ಳೆಯದು. ಅದೂ ಬೇಡವಾದರೆ ತೋಳು, ಕೊರಳಪಟ್ಟಿ ಹಿಡಿದು ನೇರ ಗಾರ್ಡ್ ಎಳೆದು ಅಲ್ಲಿಂದ ಸ್ವೀಪ್ ಮಾಡಿ. ಅದರಲ್ಲಿ ಅವಮಾನವೇನೂ ಇಲ್ಲ, 2 ಅಂಕವೂ ಅಷ್ಟೇ ಸಿಗುತ್ತದೆ. ಗಾರ್ಡ್ ಎಳೆಯುವಾಗ ಕೈಯಲ್ಲಿ ಹಿಡಿತ ಇರಲೇಬೇಕು, ಹಿಡಿತವಿಲ್ಲದೆ ಕುಳಿತರೆ ಐಬಿಜೆಜೆಎಫ್‌ನಲ್ಲಿ ಫೌಲ್.

ಮುಂದುವರಿಸುವುದಾದರೆ ಅಭ್ಯಾಸದ ಕ್ರಮ ಹೀಗಿರಲಿ. ಮೊದಲ ಎರಡು ವಾರ ಯಾರನ್ನೂ ಎಸೆಯಬೇಡಿ. ಒಬ್ಬರೇ ಒಂಟಿ ಕಾಲಿನಲ್ಲಿ ಕುಸಿದು ಹಿಮ್ಮಡಿಯ ಪಕ್ಕ ಕುಳಿತು ಉರುಳಿ ಏಳುವುದು, ಆಮೇಲೆ ಜೊತೆಗಾರನೊಂದಿಗೆ ಮೇಲೆ ಹೇಳಿದ ನಿಲ್ಲಿಸಿ ನೋಡುವ ಪರೀಕ್ಷೆ. ನಂತರ ಮಲಗಿಕೊಂಡು ಜೊತೆಗಾರನನ್ನು ಪಾದದ ಮೇಲೆ ಎತ್ತಿ ಇಳಿಸಿ. ಭಾರ ಎಲ್ಲಿ ಕೂತರೆ ಹಗುರಾಗುತ್ತದೆ ಎಂದು ಕಾಲಿಗೇ ತಿಳಿಯುತ್ತದೆ. ಪೂರ್ತಿ ಎಸೆತ ದಪ್ಪ ಕ್ರ್ಯಾಶ್ ಮ್ಯಾಟ್ ಮೇಲೆ ಮಾತ್ರ, ಒಂದು ಕ್ಲಾಸ್‌ಗೆ ಒಬ್ಬ ಜೊತೆಗಾರನಿಗೆ ಹತ್ತು ಹನ್ನೆರಡು ಸಾಕು. ದಣಿದವರು ಗದ್ದ ಒತ್ತುವುದನ್ನು ಮರೆಯುತ್ತಾರೆ. ಆತ ಬೀಳುವುದು ನಿಮ್ಮ ತಲೆಯ ಆಚೆ, ನಿಮಗೆ ಕಾಣದ ಕಡೆ. ಅಲ್ಲಿ ಮೂರು ಮೀಟರ್ ಖಾಲಿ ಇರಲಿ, ಬೇರೆ ಜೋಡಿ ಉರುಳುತ್ತಿರಬಾರದು. ಸ್ಪಾರಿಂಗ್‌ಗೆ ತರುವಾಗ ಮುಂದೆ ಉರುಳಿ ಬೀಳಲು ಬರುವವರ ಮೇಲಷ್ಟೇ ಪ್ರಯೋಗಿಸಿ. ಹೊಸ ವೈಟ್ ಬೆಲ್ಟ್ ಮೇಲೆ ಎಂದೂ ಬೇಡ, ಆತ ಕೈ ಊರಿಯೇ ಊರುತ್ತಾನೆ.

ವಿಫಲವಾದಾಗ ಏನು ಮಾಡಬೇಕೆಂದೂ ಅಷ್ಟೇ ಅಭ್ಯಾಸ ಮಾಡಿ, ನಿಮ್ಮ ಗಾರ್ಡ್ ದಾಟಿಹೋಗುತ್ತಿರುವುದು ಈ ಭಾಗ ಇಲ್ಲದ್ದಕ್ಕೆ. ಎಸೆತ ಆಗಲಿಲ್ಲ ಎಂದು ಗೊತ್ತಾದ ಕ್ಷಣ ಬಹುತೇಕರು ತೋಳು ಬಿಟ್ಟುಬಿಡುತ್ತಾರೆ. ಬಿಡಬೇಡಿ. ಬಲಪಾದ ಸೊಂಟದಲ್ಲೇ ಇರಲಿ, ಚಪ್ಪಟೆ ಮಲಗದೆ ಒಂದು ಮಗ್ಗುಲಿಗೆ ತಿರುಗಿ. ಆತ ಹಿಂದೆ ವಾಲಿದರೆ ಒಂದು ಕೈಯಿಂದ ಹಿಮ್ಮಡಿ ಹಿಡಿದು, ಇನ್ನೊಂದು ಕಾಲನ್ನು ಮತ್ತೊಂದು ಹಿಮ್ಮಡಿಯ ಹಿಂದೆ ಕೊಕ್ಕೆ ಹಾಕಿ, ಸೊಂಟ ತಳ್ಳಿ. ಆತ ಹಿಂದಕ್ಕೆ ಕೂರುತ್ತಾನೆ. ಮುಂದೆ ವಾಲಿಯೇ ಇದ್ದು ತೋಳು ನಿಮ್ಮ ಕೈಯಲ್ಲಿದ್ದರೆ ಇನ್ನೊಂದು ಕಾಲನ್ನು ತಲೆಯ ಮೇಲಿಂದ ತಂದು ಆರ್ಮ್‌ಬಾರ್‌ಗೆ (ಮೊಣಕೈ ಕೀಲಿಗೆ ಹಾಕುವ ಪಟ್ಟು) ಹೋಗಿ. ತೊಮೊಯೆ ನಾಗೆಯಿಂದ ಆರ್ಮ್‌ಬಾರ್ ಜೂಡೋದಲ್ಲಿ ಹಳೆಯ ಜೋಡಿ. ಎದುರಾಳಿಗಳಿಗೆ ಈ ಭಯ ಹುಟ್ಟಿದ ಮೇಲೆ ಎಸೆತವೂ ಸುಲಭವಾಗುತ್ತದೆ.

ಕೊನೆಯದಾಗಿ ಜೊತೆಗಾರನ ಭುಜ. ಭುಜದ ತುದಿಯಲ್ಲಿ ಉಬ್ಬು ಕಾಣುತ್ತಿದ್ದರೆ, ಕೈಯನ್ನು ಪಕ್ಕದಿಂದ ಮೇಲೆತ್ತಲು ಆಗದಿದ್ದರೆ, ಆ ಮಗ್ಗುಲಲ್ಲಿ ಮಲಗಿದಾಗ ನೋವು ಇನ್ನೂ ಎಬ್ಬಿಸುತ್ತಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸಲಿ. ಕೈ ನೋವಿಲ್ಲದೆ ಪೂರ್ತಿ ತಲೆಯ ಮೇಲೆ ಹೋಗಿ, ನೆಲಕ್ಕೆ ಕೈ ಊರಿ ಮೈಭಾರ ಬಿಟ್ಟರೂ ತಡೆಯುವವರೆಗೆ ಆತನನ್ನು ಎಸೆಯಬೇಡಿ. ಮರಳಿ ಬಂದ ಮೇಲೆ ಮೊದಲು ಮಂಡಿಯೂರಿ ಮುಂದಕ್ಕೆ ಉರುಳಲಿ, ಆಮೇಲೆ ನಿಂತು, ಆಮೇಲೆ ನಾಲ್ಕು ಕಾಲಲ್ಲಿ ಬಾಗಿದ ನಿಮ್ಮ ಬೆನ್ನಿನ ಮೇಲಿಂದ. ಎಸೆಯುವಾಗ ಆತನ ತೋಳು ಹಿಡಿದ ನಿಮ್ಮ ಎಡಗೈ, ಆತ ಮ್ಯಾಟ್ ಮುಟ್ಟುವವರೆಗೂ ಆ ತೋಳನ್ನು ಒಳಕ್ಕೆ ಮಡಿಸಿ ಹಿಡಿದಿರಲಿ.